ಸಿಹಿನೀರಿನ ಬಾಸ್ ಮೀನಿಗೆ ಯಾವ ಗಾಳದ ದಾರ ಒಳ್ಳೆಯದು?

ಒಂದೇ ದಾರ ಸಾಕು ಅನ್ನುವುದಾದರೆ 10ರಿಂದ 12 ಪೌಂಡ್‌ನ (ಅಂದರೆ ಅಷ್ಟು ಭಾರದ ಎಳೆತ ತಡೆಯುವ) ನೈಲಾನ್ ದಾರ, ಅಂದರೆ ಮೊನೊ, ತೆಗೆದುಕೊಳ್ಳಿ. ಆದರೆ ಪೌಂಡ್‌ಗಿಂತ ಮುಖ್ಯವಾದ ವಿಷಯ ಎರಡಿವೆ: ದಾರ ಎಷ್ಟು ಹಿಗ್ಗುತ್ತದೆ, ನೀರಲ್ಲಿ ಮುಳುಗುತ್ತದೋ ತೇಲುತ್ತದೋ.

ಮೊನೊ ಚೆನ್ನಾಗಿ ಹಿಗ್ಗುತ್ತದೆ, ನಿಧಾನಕ್ಕೆ ಮುಳುಗುತ್ತದೆ. ನೀರಿನ ಮೇಲೆ ಆಡಿಸುವ ಹುಸಿ ಎರೆಗೆ ಇದೇ ಸರಿ. ಮೀನು ಬಾಯಿ ಹಾಕಿದ ಕೂಡಲೇ ಕೈ ತಾನಾಗಿ ಎಳೆದುಬಿಡುತ್ತದೆ, ಅಲ್ವಾ? ದಾರ ಹಿಗ್ಗಿ ಅರೆಕ್ಷಣ ತಡವಾಗುತ್ತದೆ. ಅಷ್ಟರಲ್ಲಿ ಎರೆ ಬಾಯೊಳಗೆ ಹೋಗಿರುತ್ತದೆ.

ಫ್ಲೋರೋಕಾರ್ಬನ್ ದಾರ ನೀರಿಗಿಂತ ಸುಮಾರು 1.8 ಪಟ್ಟು ತೂಕ, ಹಾಗಾಗಿ ಬೇಗ ಮುಳುಗುತ್ತದೆ. ಬೆಳಕನ್ನು ಹೆಚ್ಚುಕಡಿಮೆ ನೀರಿನ ಹಾಗೆಯೇ ಬಾಗಿಸುವುದರಿಂದ ಮೀನಿನ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ತಿಳಿನೀರಲ್ಲಿ, ತಳದಲ್ಲಿ ಎರೆ ಎಳೆಯುವಾಗ ಇದನ್ನೇ ಹಾಕಿ. ಗಂಟು ಬಿಗಿಯುವ ಮುಂಚೆ ಮಾತ್ರ ಎಂಜಲು ಹಚ್ಚಿ ಒದ್ದೆ ಮಾಡಲೇಬೇಕು. ಒಣದಾರ ಉಜ್ಜಿ ಬಿಸಿಯಾದರೆ ಗಂಟಿನ ಪಕ್ಕ ಸಣ್ಣಗೆ ಸುರುಳಿ ಬರುತ್ತದೆ. ದೊಡ್ಡ ಮೀನು ಎಳೆದಾಗ ಅಲ್ಲೇ ಪಟ್ಟನೆ ಕಡಿಯುತ್ತದೆ.

ಜೊಂಡು, ಪಾಚಿ ದಟ್ಟವಾಗಿದ್ದರೆ 40–50 ಪೌಂಡ್‌ನ ಹೆಣೆದ ದಾರ, ಅಂದರೆ ಬ್ರೇಡ್. ಇದು ತೇಲುತ್ತದೆ, ಹಿಗ್ಗುವುದೇ ಇಲ್ಲ ಅನ್ನಬಹುದು. ಸಿಕ್ಕಿದ ಮೀನು ಗಿಡದೊಳಗೆ ನುಗ್ಗುವ ಮುಂಚೆ ಎಳೆದುಕೊಳ್ಳಬಹುದು. ತಿಳಿನೀರಲ್ಲಿ ಎದ್ದು ಕಾಣುತ್ತದೆ, ಅಲ್ಲಿ ತುದಿಗೆ ಒಂದೆರಡು ಮೀಟರ್ ಫ್ಲೋರೋಕಾರ್ಬನ್ ಕಟ್ಟಿ.

ಯಾವ ದಾರವೇ ಆಗಲಿ, ಕೊನೆಯ ಒಂದೆರಡು ಅಡಿಯನ್ನು ಆಗಾಗ ಬೆರಳಲ್ಲಿ ಸವರಿ ನೋಡಿ. ತರಿತರಿಯಾಗಿದ್ದರೆ ಅಷ್ಟನ್ನು ಕತ್ತರಿಸಿ ಹೊಸ ಗಂಟು ಹಾಕಿ.