ಭೀಮನನ್ನು ತೋಟಕ್ಕೆ ಕಳಿಸಬೇಡಿ

ಶಿವಮೊಗ್ಗದ ಗೋಪಾಳದಿಂದ ಓದುಗರೊಬ್ಬರು ಬರೆದಿದ್ದಾರೆ, ಹೆಸರು ಹಾಕಬೇಡಿ ಅಂದಿದ್ದಾರೆ. ಅವರ ಮನೆಯ ರಾಟ್‌ವೀಲರ್ ಭೀಮನಿಗೆ ಮೂರು ವರ್ಷ, ತೂಕ 42 ಕಿಲೋ. ಮನುಷ್ಯರ ಜೊತೆ ಬಹಳ ಸಾಧು. ಇನ್ನೊಂದು ನಾಯಿ ಕಂಡರೆ ಮಾತ್ರ ನುಗ್ಗಿಬಿಡುತ್ತಾನೆ. ಹೋದ ತಿಂಗಳು ಒಂದು ಬೀದಿನಾಯಿ ಮೇಲೆ ಹಾರಲು ಹೋಗಿ ಅವರನ್ನೂ ಎಳೆದು ಕೆಡವಿದ. ಮೊಣಕಾಲು ತರಚಿತು, ಕೈಗೆ ಸುತ್ತಿಕೊಂಡಿದ್ದ ಚೈನ್ ಬಿಗಿದು ಬೆರಳುಗಳು ಊದಿಕೊಂಡವು. ಆಮೇಲೆ ಭೀಮ ಗೇಟ್ ದಾಟಿಲ್ಲ. ಯಜಮಾನರಿಗೆ ಬೆಂಗಳೂರಲ್ಲಿ ಕೆಲಸ. ಪಕ್ಕದ ಮನೆಯವರು ತೀರ್ಥಹಳ್ಳಿಯ ತೋಟಕ್ಕೆ ಬಿಟ್ಟುಬಿಡಿ ಅನ್ನುತ್ತಾರೆ, ಅಂಗಡಿಯವರು ಮುಳ್ಳಿನ ಪಟ್ಟಿ ಹಾಕಿ ಅನ್ನುತ್ತಾರೆ, ಒಂಬತ್ತನೇ ಕ್ಲಾಸಿನ ಮಗ ನಾನೇ ಹಿಡಿಯುತ್ತೇನೆ ಅನ್ನುತ್ತಾನೆ. "ನನ್ನ ಕೈಲಿ ಇವನನ್ನು ಮತ್ತೆ ವಾಕಿಂಗ್ ಕರೆದುಕೊಂಡು ಹೋಗಲು ಆಗುತ್ತಾ?" ಅನ್ನುವುದು ಅವರ ಪ್ರಶ್ನೆ.

ಆಗುತ್ತೆ ಮೇಡಂ. ಆದರೆ ಕೈಯ ಬಲದಿಂದ ಅಲ್ಲ. 42 ಕಿಲೋ ತೂಕದ ನಾಯಿ ಎರಡು ಹೆಜ್ಜೆ ಓಡಿ ಹಗ್ಗದ ತುದಿಗೆ ಬಂದು ನಿಂತಾಗ ಬೀಳುವ ಜಗ್ಗನ್ನು ಗಟ್ಟಿ ಆಳೂ ತಡೆದುಕೊಳ್ಳುವುದು ಕಷ್ಟ. ನೀವು ಬಿದ್ದಿದ್ದು ನಿಮ್ಮ ಶಕ್ತಿ ಸಾಲದೆ ಅಲ್ಲ. ಆ ಜಗ್ಗು ಬೀಳದ ಹಾಗೆ ಮೊದಲೇ ನೋಡಿಕೊಳ್ಳಬೇಕಿತ್ತು, ಅದನ್ನು ಯಾರೂ ನಿಮಗೆ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಮೊದಲು ಮಗನ ವಿಷಯ. ಬೇಡ. ಎಷ್ಟೇ ಧೈರ್ಯವಿದ್ದರೂ ಬೇಡ. ಎಳೆತಕ್ಕೆ ಸಿಕ್ಕಿ ರಸ್ತೆಗೆ ಬಿದ್ದರೆ ಎದುರಿಗೆ ಬರುವ ಬೈಕು, ಬಸ್ಸು ಹೇಳಿಕೇಳಿ ಬರುವುದಿಲ್ಲ.

ತೋಟದ ಮಾತಿಗೂ ನಾನು ಒಪ್ಪುವುದಿಲ್ಲ. ನಮ್ಮ ಕಡೆ ಇದೊಂದು ರೂಢಿ. ಪೇಟೆಯಲ್ಲಿ ಸಂಭಾಳಿಸಲು ಆಗದ ನಾಯಿಯನ್ನು ತೋಟದ ಮನೆಗೆ ಸಾಗಹಾಕುವುದು, ಅಲ್ಲಿ ಅದು ದಿನವಿಡೀ ಕಟ್ಟಿದಲ್ಲೇ ಇರುವುದು. ಮನೆಯವರ ಮಧ್ಯೆ ಬೆಳೆದ ಭೀಮ ಅಲ್ಲಿ ಕೊರಗಿ ಇನ್ನಷ್ಟು ಕೆಡುತ್ತಾನೆ. ರಾತ್ರಿ ಚಿರತೆ ಬಂದರೆ ಕಟ್ಟಿಹಾಕಿದ ನಾಯಿ ಓಡಲೂ ಆಗದು. ಕಾನೂನೂ ಇದನ್ನು ಒಪ್ಪುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ, ಯಾವಾಗಲೂ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೇ ಇರುವುದನ್ನೂ ಹಿಂಸೆ ಎಂದೇ ಬರೆದಿದ್ದಾರೆ.

ಮುಳ್ಳಿನ ಪಟ್ಟಿ ಯಾಕೆ ಬೇಡ ಅಂದರೆ, ಭೀಮನ ಲೆಕ್ಕ ಬೇರೆ. ಇನ್ನೊಂದು ನಾಯಿ ಕಂಡ ಕ್ಷಣಕ್ಕೇ ಕುತ್ತಿಗೆಗೆ ಚುಚ್ಚಿದರೆ, ನೋವು ಕೊಟ್ಟಿದ್ದು ಆ ನಾಯಿಯೇ ಅಂತ ಅವನು ಕಲಿಯುತ್ತಾನೆ. ಹೊಡೆದರೂ ಅಷ್ಟೇ. ಗುರ್ ಅಂದಿದ್ದಕ್ಕೆ ಏಟು ಬಿದ್ದರೆ ಗುರ್ ಅನ್ನುವುದನ್ನು ಬಿಡುತ್ತಾನೆ, ಕಚ್ಚುವುದನ್ನಲ್ಲ. ಆಮೇಲೆ ಮುನ್ಸೂಚನೆಯೇ ಇಲ್ಲದೆ ಬಾಯಿ ಹಾಕುವ ನಾಯಿ ನಿಮ್ಮ ಕೈಯಲ್ಲಿರುತ್ತದೆ.

ಬದಲಿಗೆ ಹಾರ್ನೆಸ್ ತನ್ನಿ, ಅಂದರೆ ಕುತ್ತಿಗೆಗಲ್ಲ, ಎದೆ-ಬೆನ್ನು ಸುತ್ತಿ ಹಾಕುವ ಪಟ್ಟಿ. ಅದಕ್ಕೆ ಎದೆಯ ಮುಂಭಾಗದಲ್ಲಿ ರಿಂಗ್ ಇರಬೇಕು. ಬೆನ್ನ ಮೇಲೆ ಮಾತ್ರ ರಿಂಗ್ ಇರುವುದು ಬೇಡ, ಅದರಲ್ಲಿ ನಾಯಿ ಇಡೀ ಎದೆ ಕೊಟ್ಟು ಎಳೆಯುತ್ತದೆ. ಮುಂದಿನ ರಿಂಗಿಗೆ ಹಗ್ಗ ಹಾಕಿದರೆ ನುಗ್ಗಿದಾಗ ಅವನ ಮೈ ನಿಮ್ಮ ಕಡೆಗೇ ತಿರುಗುತ್ತದೆ. ಪಟ್ಟಿಯ ಅಡಿಯಲ್ಲಿ ಎರಡು ಬೆರಳು ಹೋಗಬೇಕು, ಅದಕ್ಕಿಂತ ಸಡಿಲ ಬೇಡ, ಹಿಂದಕ್ಕೆ ಜಗ್ಗಿ ತಲೆ ಈಚೆ ತೆಗೆದುಬಿಡುತ್ತಾನೆ. ಕುತ್ತಿಗೆಗೂ ಒಂದು ಗಟ್ಟಿ ಪಟ್ಟಿ ಇರಲಿ, ಎರಡನ್ನೂ ಸೇರಿಸಿ ಚಿಕ್ಕ ಪಟ್ಟಿಯೊಂದನ್ನು ಕೊಂಡಿ ಹಾಕಿ, ಒಂದು ಕಿತ್ತರೂ ಇನ್ನೊಂದು ಹಿಡಿದಿರುತ್ತದೆ. ಹಗ್ಗ ಐದಾರು ಅಡಿ ಸಾಕು. ಗುಂಡಿ ಒತ್ತಿದರೆ ಉದ್ದವಾಗುವ ಡಬ್ಬಿ ಹಗ್ಗವನ್ನು ಇಂಥ ನಾಯಿಗೆ ಯಾವತ್ತೂ ಬಳಸಬೇಡಿ. ಅದರ ಸಣ್ಣ ದಾರ ಕೈಯನ್ನು ಕೊಯ್ದುಹಾಕುತ್ತದೆ.

ಇನ್ನು ಹಿಡಿಯುವ ರೀತಿ. ಹಗ್ಗದ ಕುಣಿಕೆಯನ್ನು ಹೆಬ್ಬೆರಳಿಗೆ ಹಾಕಿ, ಉಳಿದ ಹಗ್ಗವನ್ನು ಅಂಗೈ ಮೇಲೆ ತಂದು ಮುಷ್ಟಿ ಕಟ್ಟಿ. ಇನ್ನೊಂದು ಕೈ ಹಗ್ಗದ ನಡುವೆ ಇರಲಿ. ಎರಡೂ ಮುಷ್ಟಿ ಹೊಕ್ಕುಳ ಹತ್ತಿರ, ಮೊಣಕೈ ಪಕ್ಕೆಗೆ ತಾಗಿಕೊಂಡು. ಎಳೆದಾಗ ತೋಳು ಮುಂದೆ ಹೋಗಬಾರದು, ಮಂಡಿ ಸ್ವಲ್ಪ ಬಗ್ಗಿಸಿ ಇಡೀ ಮೈ ಭಾರ ಕೊಡಬೇಕು. ಮಣಿಕಟ್ಟಿಗೆ, ಬೆರಳಿಗೆ ಸುತ್ತಿಕೊಳ್ಳಲೇಬೇಡಿ. ನಿಮ್ಮ ಬೆರಳು ಊದಿದ್ದು ಅದಕ್ಕೇ, ಮುರಿಯುವುದೂ ಹಾಗೇ. ನಮ್ಮ ಮಳೆಗಾಲದಲ್ಲಿ ಕಲ್ಲು, ಸಿಮೆಂಟು ಎಲ್ಲ ಪಾಚಿ ಕಟ್ಟಿರುತ್ತದೆ, ಹವಾಯಿ ಚಪ್ಪಲಿಯಲ್ಲಿ ಹೊರಡಬೇಡಿ, ಹಿಡಿತ ಇರುವ ಶೂ ಹಾಕಿ. ಜಡಿಮಳೆಯ ದಿನ ಸುಮ್ನೆ ಮನೆಯಲ್ಲೇ ಇರಿ.

ಮಝಲ್, ಅಂದರೆ ಕಚ್ಚದ ಹಾಗೆ ನಾಯಿಯ ಬಾಯಿಗೆ ಹಾಕುವ ಕವಚ, ಅದರ ಬಗ್ಗೆ ನೀವು ಬರೆದ ಸಾಲು ಓದಿ ಸ್ವಲ್ಪ ಬೇಜಾರಾಯಿತು. ಜನ ಏನಂದುಕೊಳ್ಳುತ್ತಾರೋ ಅಂತ ಹಾಕಿಲ್ಲ ಅಂದಿದ್ದೀರಿ. ಹಿಂದೆ ಕಣದಲ್ಲಿ ಒಕ್ಕಲು ಮಾಡುವಾಗ ಎತ್ತಿನ ಬಾಯಿಗೆ ಕುಕ್ಕೆ ಹಾಕುತ್ತಿದ್ದರಲ್ಲ, ಅದನ್ನು ಯಾರಾದರೂ ಅವಮಾನ ಅಂದುಕೊಂಡರಾ? ಇದೂ ಹಾಗೇ. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಜಾಗವಿರುವ ಬುಟ್ಟಿಯಂಥದ್ದನ್ನೇ ತನ್ನಿ. ಬಾಯನ್ನು ಬಿಗಿದುಬಿಡುವ ಬಟ್ಟೆಯದು ವಾಕಿಂಗಿಗೆ ಆಗುವುದಿಲ್ಲ. ನಾಯಿ ಮೈಬಿಸಿ ಕಳೆದುಕೊಳ್ಳುವುದೇ ಬಾಯಿಂದ. ತಂದ ದಿನವೇ ಮುಖಕ್ಕೆ ತುರುಕಬೇಡಿ. ಬುಟ್ಟಿಯೊಳಗೆ ಬೇಯಿಸಿದ ಕೋಳಿ ತುಂಡು ಇಡಿ, ಅವನೇ ಮೂತಿ ಹಾಕಿ ತಿಂದು ಹಿಂದೆ ತೆಗೆಯಲಿ. ಕೆಲವು ದಿನ ಅಷ್ಟೇ. ಆಮೇಲೆ ಒಂದು ಕ್ಷಣ ಪಟ್ಟಿ ಹಾಕಿ ತೆಗೆಯಿರಿ, ಮೆಲ್ಲಗೆ ಹೊತ್ತು ಜಾಸ್ತಿ ಮಾಡಿ. ಬುಟ್ಟಿ ಕೈಗೆತ್ತಿಕೊಂಡ ಕೂಡಲೇ ಅವನು ಬಾಲ ಆಡಿಸಿ ಬರುವಂತಾದಾಗ ಬೀದಿಗೆ ಹೋಗಿ, ಎರಡು ವಾರವೋ ಎರಡು ತಿಂಗಳೋ ಆಗಲಿ.

ಇಲ್ಲೊಂದು ತೊಡಕಿದೆ, ಮುಚ್ಚಿಡುವುದಿಲ್ಲ. ಬಾಯಿಗೆ ಬುಟ್ಟಿ ಇದ್ದರೆ ಬೀದಿನಾಯಿಗಳು ಮೇಲೆ ಬಿದ್ದಾಗ ಭೀಮ ತನ್ನನ್ನು ಕಾಪಾಡಿಕೊಳ್ಳಲಾರ. ಆದರೂ ಹಾಕಿ ಅಂತಲೇ ನನ್ನ ಮಾತು. ಅವನ ದವಡೆಗೆ ಸಿಕ್ಕ ಬೀದಿನಾಯಿ ಉಳಿಯುವುದು ಕಷ್ಟ, ಬಿಡಿಸಲು ಬಂದವರ ಕೈಗೂ ಏಟು. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಮನುಷ್ಯರಿಗೆ ಅಪಾಯವಾಗದ ಹಾಗೆ ಪ್ರಾಣಿಯನ್ನು ನೋಡಿಕೊಳ್ಳದೆ ಅಸಡ್ಡೆ ಮಾಡಿದರೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಹಾಗಾಗಿ ಅವನನ್ನು ಕಾಯುವ ಕೆಲಸ ನಿಮ್ಮದು. ಸೊಂಟದ ಚೀಲದಲ್ಲಿ ಒಂದು ಹಿಡಿ ತಿಂಡಿ ಇರಲಿ. ಬೀದಿನಾಯಿ ಹತ್ತಿರ ಬಂದರೆ ಅದರ ಮುಖದ ಮುಂದೆ ಎರಚಿ, ಅದು ಹೆಕ್ಕುವಷ್ಟರಲ್ಲಿ ನೀವು ದೂರ. ಗುಂಡಿ ಒತ್ತಿದರೆ ಬಿಚ್ಚುವ ಕೊಡೆ ಕೂಡ ಒಳ್ಳೆಯ ಸಾಧನ, ಫಟ್ ಅಂತ ಬಿಚ್ಚಿದರೆ ಎಷ್ಟೋ ನಾಯಿಗಳು ಹಿಂದೆ ಸರಿಯುತ್ತವೆ. ಆದರೆ ಮೊದಲು ಮನೆಯಲ್ಲಿ ಭೀಮನಿಗೆ ಆ ಸದ್ದು ರೂಢಿಯಾಗಿರಬೇಕು.

ಎಲ್ಲಕ್ಕಿಂತ ದೊಡ್ಡದು ದೂರ. ಭೀಮನನ್ನು ಬಿಟ್ಟು ನೀವೊಬ್ಬರೇ ಕೆಲವು ದಿನ ಅದೇ ದಾರಿಯಲ್ಲಿ ನಡೆದು ಬನ್ನಿ. ಯಾವ ತಿರುವಿನಲ್ಲಿ ಗುಂಪು ಮಲಗುತ್ತದೆ, ಯಾರ ಮನೆ ಮುಂದೆ ಅನ್ನ ಹಾಕುತ್ತಾರೆ, ಯಾವ ಗೇಟಿನ ಸಂದಿಯಿಂದ ನಾಯಿ ಹಾರುತ್ತದೆ, ಎಲ್ಲ ತಲೆಗೆ ಬರುತ್ತದೆ. ಭಾನುವಾರ ಬೆಳಿಗ್ಗೆ ಮಾಂಸದಂಗಡಿ ಕಡೆ ತಲೆ ಹಾಕಬೇಡಿ. ಚಾನಲ್ ಏರಿ, ಅಂದರೆ ನಾಲೆಯ ದಂಡೆ, ಪ್ರಶಾಂತವಾಗಿದೆ ಅನ್ನಿಸುತ್ತೆ, ಅಲ್ವಾ? ನಿಮಗೆ ಅದು ಸರಿಯಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು, ಎದುರಿಂದ ನಾಯಿ ಬಂದರೆ ಸರಿಯಲು ಜಾಗವೇ ಇಲ್ಲ. ಇನ್ನೂ ಮನೆಗಳು ಏಳದ, ದೂರದವರೆಗೆ ಕಣ್ಣು ಹಾಯುವ ಹೊಸ ಲೇಔಟು ವಾಸಿ. ಜನ ಇರುವುದಿಲ್ಲ ಅಂತ ಕಾಡಿನ ಅಂಚಿಗೆ ಹೋಗುವುದಾದರೆ ಉಣುಗಿನ ಬಗ್ಗೆ ಎಚ್ಚರ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ, ಅದನ್ನು ಹರಡುವುದು ಉಣುಗು. ಬೇಸಿಗೆ ಮುಗಿಯುವವರೆಗೆ ಆ ಕಡೆ ಬೇಡ.

ಈಗ ಅವನ ಮೈ ಓದುವುದನ್ನು ಕಲಿಯಿರಿ. ನುಗ್ಗುವ ಮೊದಲು ಎಲ್ಲ ಹೇಳಿಬಿಡುತ್ತಾನೆ. ತೆರೆದಿದ್ದ ಬಾಯಿ ಟಪ್ಪನೆ ಮುಚ್ಚುತ್ತದೆ. ಕಿವಿ ಮುಂದಕ್ಕೆ, ಭಾರ ಮುಂಗಾಲ ಮೇಲೆ, ಬಾಲ ಸೆಟೆದು ನಿಲ್ಲುತ್ತದೆ, ಕಣ್ಣು ಮಿಟುಕಿಸುವುದು ನಿಲ್ಲುತ್ತದೆ. ಬಾಯಿ ಮುಚ್ಚಿದಾಗಲೇ ತಿರುಗಬೇಕು, ಗುರ್ ಅಂದಮೇಲೆ ಅಲ್ಲ. "ಬಾ ಈಚೆ" ಅಂತ ಹೇಳಿ ಹಿಂದೆ ತಿರುಗಿ ಹೊರಟುಬಿಡಿ. ಇದನ್ನು ಮೊದಲು ಅಂಗಳದಲ್ಲಿ, ಯಾವ ನಾಯಿಯೂ ಇಲ್ಲದಾಗ, ಆಟದ ಹಾಗೆ ಅಭ್ಯಾಸ ಮಾಡಿಸಿ. ನಾಯಿ ಕಾಣುತ್ತಿದ್ದರೂ ನಿಮ್ಮ ಕೈಯಿಂದ ಕೋಳಿ ತಿನ್ನುತ್ತಾನೆ ಅಂದರೆ ಅಷ್ಟು ದೂರ ಸರಿ. ತಿನ್ನಲಿಲ್ಲವಾ, ಹತ್ತಿರವಾಯಿತು, ಇನ್ನೂ ಹಿಂದೆ ಹೋಗಿ. ನಾಯಿ ಕಂಡಾಗಲೆಲ್ಲ ಕೋಳಿ ಬರುತ್ತದೆ ಅಂತ ಅವನಿಗೆ ಗೊತ್ತಾದರೆ ಕಂಡ ಕೂಡಲೇ ನಿಮ್ಮ ಮುಖ ನೋಡುತ್ತಾನೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ ಇದು. ಬೇರೆ ನಾಯಿಗಳ ಸ್ನೇಹ ಅವನಿಗೆ ಎಂದೂ ಆಗದಿರಬಹುದು, ಆಗಲೇಬೇಕು ಅಂತಲೂ ಇಲ್ಲ.

ಒಂದು ದಿನ ಜಗಳದ ಹತ್ತಿರ ಹೋಗಿ ಬಂದರೆ ಮರುದಿನ ಹೊರಗೆ ಕರೆದುಕೊಂಡು ಹೋಗಬೇಡಿ, ಆ ಉದ್ವೇಗ ಮೈಯಲ್ಲಿ ಇನ್ನೂ ಇರುತ್ತದೆ. ಅಂಗಳದಲ್ಲಿ ನಾಲ್ಕಾರು ಅಡಿಕೆ ಹಾಳೆ ಮಡಚಿ, ಒಳಗೆ ತಿಂಡಿ ಬಚ್ಚಿಟ್ಟು ಹುಡುಕಲು ಬಿಡಿ. ಮೂಸಿ ಹುಡುಕುವುದರಲ್ಲೂ ನಾಯಿ ಚೆನ್ನಾಗಿ ದಣಿಯುತ್ತದೆ.

ಅಕಸ್ಮಾತ್ ಕಚ್ಚಾಟ ಆಗಿಯೇ ಹೋದರೆ ಕುತ್ತಿಗೆ ಪಟ್ಟಿಗೆ, ಬಾಯಿಗೆ ಕೈ ಹಾಕಬೇಡಿ, ಆ ಗಳಿಗೆಯಲ್ಲಿ ಅವನಿಗೆ ನೀವು ಯಾರು ಅಂತಲೇ ತಿಳಿಯುವುದಿಲ್ಲ. ಇಬ್ಬರಿದ್ದರೆ ಒಬ್ಬೊಬ್ಬರು ಒಂದೊಂದರ ಹಿಂಗಾಲು ಎತ್ತಿ ಹಿಂದಕ್ಕೆ ಎಳೆಯಬೇಕು. ಒಬ್ಬರೇ ಇದ್ದರೆ ನೀರು ಎರಚುವುದು, ಮಧ್ಯೆ ಕೊಡೆ ತೂರಿಸುವುದು. ನಿಮಗೆ ಗಾಯವಾದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಭೀಮನ ಲಸಿಕೆಯೂ ವರ್ಷ ತಪ್ಪಬಾರದು.

ಇದಕ್ಕೆಲ್ಲ ಮೊದಲು ಒಮ್ಮೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ತೋರಿಸಿ. ಸೊಂಟದಲ್ಲೋ ಕಿವಿಯಲ್ಲೋ ನೋವಿದ್ದರೂ ನಾಯಿ ಹೀಗೆ ಸಿಡುಕುತ್ತದೆ. ಸಂತಾನಹರಣ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ಮಾತು ಪೂರ್ತಿ ನಿಜವಲ್ಲ, ಅದನ್ನೂ ಡಾಕ್ಟರ ಹತ್ತಿರವೇ ಕೇಳಿ. ತರಬೇತಿಗೆ ಯಾರನ್ನಾದರೂ ಕರೆಯುವುದಾದರೆ ದುಡ್ಡಿನ ಮಾತಿಗೆ ಮೊದಲು ಒಂದು ಪ್ರಶ್ನೆ ಕೇಳಿ: "ಇವನು ತಪ್ಪು ಮಾಡಿದಾಗ ನೀವೇನು ಮಾಡುತ್ತೀರಿ?" ಜಗ್ಗುತ್ತೇನೆ, ಬಾರಿಸುತ್ತೇನೆ, ಯಾರು ಯಜಮಾನ ಅಂತ ತೋರಿಸುತ್ತೇನೆ ಅಂದರೆ ಕಾಫಿ ಕೊಟ್ಟು ಕಳಿಸಿ. ಮೊದಲು ದೂರ ಸರಿಸುತ್ತೇನೆ ಅಂದವರ ಕೈಗೆ ಮಾತ್ರ ಭೀಮನ ಹಗ್ಗ ಕೊಡಿ.