ಮೊದಲ ಮೆಟಾಲಿಕಾ, ಆಮೇಲಿನ ಮೆಟಾಲಿಕಾ

ಪ್ರಶ್ನೆ: 1991ರ ‘ಬ್ಲ್ಯಾಕ್ ಆಲ್ಬಂ’ ಮಾಡಿದ ದಿನವೇ ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ ದುಡ್ಡಿಗೆ ಮಾರಿಕೊಂಡಿತು ಎಂದು ನಮ್ಮ ಗುಂಪಿನಲ್ಲಿ ಅರ್ಧ ಜನ ವಾದಿಸುತ್ತಾರೆ. ಬ್ಯಾಂಡ್ ಪಳಗಿದ್ದೇ ಅಲ್ಲಿಂದ ಎಂದು ಉಳಿದವರು. ಯಾರ ಮಾತು ಸರಿ? – ದಾವಣಗೆರೆಯ ಓದುಗರು

ಉತ್ತರ: ‘ಮಾರಿಕೊಂಡರು’ ಎಂಬ ಬೈಗುಳ 1991ರಲ್ಲಿ ಹುಟ್ಟಿದ್ದಲ್ಲ. 1984ರ ‘ರೈಡ್ ದ ಲೈಟ್ನಿಂಗ್’ನಲ್ಲಿ ಅಕೌಸ್ಟಿಕ್ ಗಿಟಾರಿನ ‘ಫೇಡ್ ಟು ಬ್ಲ್ಯಾಕ್’ ಬಂದಾಗಲೇ ಥ್ರ್ಯಾಶ್ (ಬಿರುಸು ಓಟದ ಮೆಟಲ್) ಅಭಿಮಾನಿಗಳು ಹಾಗೆ ಗೊಣಗಿದ್ದರು. 1989ರಲ್ಲಿ ‘ಒನ್’ ಹಾಡಿಗೆ ಮೊದಲ ವಿಡಿಯೋ ಮಾಡಿದಾಗ ಮತ್ತೆ ಅದೇ ಮಾತು. 1996ರಲ್ಲಿ ಕೂದಲು ಕತ್ತರಿಸಿಕೊಂಡು ಬಂದಾಗಲಂತೂ ಕೇಳುವುದೇ ಬೇಡ.

ಬೈಗುಳ ಬಿಟ್ಟು ಹಾಡುಗಳ ಕಟ್ಟಡ ನೋಡಿ. 1988ರ ‘...ಆ್ಯಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ಒಂಬತ್ತೇ ಹಾಡು, 65 ನಿಮಿಷ. ಶೀರ್ಷಿಕೆ ಗೀತೆಯೊಂದೇ ಹತ್ತು ನಿಮಿಷದ ಹತ್ತಿರ. ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಮೇಲೆ ರಿಫ್, ನಡುವೆ ತಾಳ ಬದಲಾವಣೆ. ವೇದಿಕೆಯಲ್ಲಿ ಅದನ್ನು ನುಡಿಸುವಾಗ ಎದುರಿನ ಮುಖಗಳು ಸಪ್ಪಗಾಗುತ್ತಿದ್ದವು ಎಂದು ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಅವರೇ ಹೇಳಿದ್ದುಂಟು. ಆ ದಾರಿ ಅಲ್ಲಿಗೆ ಮುಗಿದಿತ್ತು. ಮುಂದಿನ ಆಲ್ಬಂ ‘ಬ್ಲ್ಯಾಕ್’ಗೆ ನಿರ್ಮಾಪಕ ಬಾಬ್ ರಾಕ್ ಬಂದರು. ಒಬ್ಬೊಬ್ಬರೇ ಬಿಡಿಬಿಡಿಯಾಗಿ ನುಡಿಸಿ ಜೋಡಿಸುವ ಬದಲು ನಾಲ್ವರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ ನುಡಿಸಿದರು. ಹನ್ನೆರಡು ಹಾಡು, ಯಾವುದೂ ಏಳು ನಿಮಿಷ ಮುಟ್ಟುವುದಿಲ್ಲ. ‘ಮಾಸ್ಟರ್ ಆಫ್ ಪಪೆಟ್ಸ್’ ಹಾಡಿನ ಓಟ ನಿಮಿಷಕ್ಕೆ 200 ಬೀಟ್ ದಾಟಿದರೆ ‘ಎಂಟರ್ ಸ್ಯಾಂಡ್‌ಮನ್’ ನಡೆಯುವುದು 120ರ ಆಸುಪಾಸಿನಲ್ಲಿ, ಅದೂ ಒಂದೇ ರಿಫ್ಫಿನ ಬೆನ್ನ ಮೇಲೆ. ಅಮೆರಿಕವೊಂದರಲ್ಲೇ 1.6 ಕೋಟಿಗೂ ಹೆಚ್ಚು ಪ್ರತಿ ಹೋದದ್ದು ನಿಜ. ಆದರೆ ಒಂದೇ ರಿಫ್ಫನ್ನು ಐದು ನಿಮಿಷ ಬೇಸರವಾಗದಂತೆ ದುಡಿಸುವುದು ಸಣ್ಣ ಕಸುಬಲ್ಲ.

ನಮ್ಮ ಓಟು ‘ರೈಡ್’ ಮತ್ತು ‘ಮಾಸ್ಟರ್ ಆಫ್ ಪಪೆಟ್ಸ್’ ಆಲ್ಬಂಗಳಿಗೇ. ಬೇಸ್ ವಾದಕ ಕ್ಲಿಫ್ ಬರ್ಟನ್ ತಂದ ಸ್ವರಮೇಳದ ತಿಳಿವಳಿಕೆ ಆ ಎರಡರಲ್ಲಿ ಎದ್ದು ಕಾಣುತ್ತದೆ. ‘ಮಾಸ್ಟರ್’ನ ‘ಒರಾಯನ್’ ಒಂದೇ ಸಾಕು ಸಾಕ್ಷಿಗೆ. 1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನ ಬಸ್ ಅಪಘಾತದಲ್ಲಿ ಅವರು ತೀರಿಕೊಂಡರು. ಗೆರೆ ಎಳೆಯಲೇಬೇಕು ಎಂದರೆ ಅಲ್ಲಿ ಎಳೆಯಿರಿ, 1991ರಲ್ಲಲ್ಲ. ಹಾಡುಗಳಿಗೆ ಹಾಕಬೇಕಾದ ಕತ್ತರಿ ನಿಜವಾಗಿ ಕೈತಪ್ಪಿದ್ದು 1996ರ ‘ಲೋಡ್’ನಲ್ಲಿ: 14 ಹಾಡು, 79 ನಿಮಿಷ. ಸಿಡಿಯಲ್ಲಿ ಜಾಗ ಸಾಲದೆ ಕೊನೆಯ ‘ದಿ ಔಟ್‌ಲಾ ಟಾರ್ನ್’ ಹಾಡನ್ನೇ ಒಂದು ನಿಮಿಷದಷ್ಟು ಮೊಟಕು ಮಾಡಿದರು. ಅದರಿಂದ ಎಂಟು ಹಾಡು ಆರಿಸಿ ಪ್ಲೇಲಿಸ್ಟ್ ಮಾಡಿಕೊಂಡು ಕೇಳಿ, ‘ಲೋಡ್’ ಬೈಯುವವರ ದನಿ ತಗ್ಗುತ್ತದೆ.

ಪ್ರಶ್ನೆ: ‘ಜಸ್ಟಿಸ್’ನಲ್ಲಿ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ. ಈಕ್ವಲೈಸರ್‌ನಲ್ಲಿ ಬೇಸ್ ಏರಿಸಿದರೆ ಬರೀ ಗುದ್ದಿದಂತಾಗುತ್ತದೆ. ರೀಮಾಸ್ಟರ್ ಕೊಂಡರೆ ಸರಿಹೋದೀತೆ? – ಶಿವಮೊಗ್ಗದ ಓದುಗರು

ಉತ್ತರ: ಇಲ್ಲ. ಮಿಕ್ಸ್ ಮಾಡುವಾಗ ಪ್ರತಿ ವಾದ್ಯದ ಟ್ರ್ಯಾಕ್ ಬೇರೆಬೇರೆ ಇರುತ್ತದೆ. ಮಾಸ್ಟರಿಂಗ್ (ಕೊನೆಯ ಹದ ಮಾಡುವಿಕೆ) ಹೊತ್ತಿಗೆ ಎಲ್ಲ ಕೂಡಿ ಎಡ, ಬಲ ಎಂದು ಎರಡೇ ಟ್ರ್ಯಾಕ್ ಆಗಿರುತ್ತದೆ. ಸಾರು ಇಳಿಸಿದ ಮೇಲೆ ಬೇಳೆ ಜಾಸ್ತಿ ಮಾಡಲಾದೀತೆ? 2018ರ ರೀಮಾಸ್ಟರ್‌ನಲ್ಲೂ ಬ್ಯಾಂಡ್ ಹಳೆಯ ಮಿಕ್ಸನ್ನು ಮುಟ್ಟಲಿಲ್ಲ. ನೀವು 60–100 ಹರ್ಟ್ಜ್ ಏರಿಸಿದಾಗ ಮೇಲೇಳುವುದು ಕಿಕ್ ಡ್ರಮ್ ಮತ್ತು ಗಿಟಾರಿನ ತಳಭಾಗ, ಅದಕ್ಕೇ ಆ ಗುದ್ದು.

ಕಾರಣಗಳು ಎರಡು. ಬರ್ಟನ್ ಜಾಗಕ್ಕೆ ಹೊಸದಾಗಿ ಸೇರಿದ್ದ ಬೇಸ್ ವಾದಕ ಜೇಸನ್ ನ್ಯೂಸ್ಟೆಡ್ ಬಹುಪಾಲು ರಿದಂ ಗಿಟಾರಿನ ಜಾಡಿನಲ್ಲೇ ಪಿಕ್ ಹಿಡಿದು ನುಡಿಸಿದ್ದರಿಂದ ಎರಡೂ ಒಂದರೊಳಗೊಂದು ಕರಗಿದವು. ಎರಡನೆಯದು ಇನ್ನೂ ನೇರ: ಡ್ರಮ್ಮರ್ ಲಾರ್ಸ್ ಉಲ್ರಿಕ್ ಬೇಸ್ ತಗ್ಗಿಸಲು ಹೇಳಿದರೆಂದು ಮಿಕ್ಸ್ ಮಾಡಿದ ಸ್ಟೀವ್ ಥಾಂಪ್ಸನ್ ಸಂದರ್ಶನಗಳಲ್ಲಿ ಹೇಳಿದ್ದಾರೆ.

ಪ್ರಶ್ನೆ: ‘ಡೆತ್ ಮ್ಯಾಗ್ನೆಟಿಕ್’ ಹಾಕಿದರೆ ಸ್ಪೀಕರ್ ಹರಿದಂತೆ ಕರಕರ. ಹಳೆಯ ಆಲ್ಬಂಗಳಲ್ಲಿ ಹಾಗಾಗುವುದಿಲ್ಲ. ಸ್ಪೀಕರ್ ಬದಲಿಸಬೇಕೆ? – ಮೈಸೂರಿನ ಓದುಗರು

ಉತ್ತರ: ಸ್ಪೀಕರ್ ಪಾಪ ನಿರಪರಾಧಿ. 2008ರ ಆ ಆಲ್ಬಂ ಜೋರಾಗಿ ಕೇಳಲಿ ಎಂದು ಒತ್ತಿದ ಒತ್ತಿಗೆ ಅಲೆಗಳ ತುದಿಯೇ ಕತ್ತರಿಸಿಹೋಗಿದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ವಾಲ್ಯೂಂ ತಗ್ಗಿಸಿದರೆ ಸದ್ದು ಸಣ್ಣದಾದೀತು, ಕರಕರ ಹೋಗದು, ಏಕೆಂದರೆ ಅದು ಫೈಲಿನೊಳಗೇ ಇದೆ. ಅದೇ ಹಾಡುಗಳು ‘ಗಿಟಾರ್ ಹೀರೋ’ ಆಟದಲ್ಲಿ ಬಂದಾಗ ಸ್ವಚ್ಛವಾಗಿದ್ದವು. ಅಭಿಮಾನಿಗಳಿಗೆ ವಿಷಯ ಗೊತ್ತಾದದ್ದೇ ಹಾಗೆ.

ಹಳೆಯದು–ಹೊಸದು ಹೋಲಿಸುವ ಎಲ್ಲರಿಗೂ ಒಂದು ಮಾತು. ಜೋರಾಗಿ ಕೇಳಿದ್ದು ಕಿವಿಗೆ ತಕ್ಷಣ ‘ಚೆನ್ನಾಗಿದೆ’ ಅನ್ನಿಸುತ್ತದೆ. ಆದ್ದರಿಂದ ಆ್ಯಪ್‌ನಲ್ಲಿ ವಾಲ್ಯೂಂ ನಾರ್ಮಲೈಸೇಶನ್ (ಸದ್ದಿನ ಮಟ್ಟ ಸಮ ಮಾಡುವ ಸೌಲಭ್ಯ) ಆನ್ ಮಾಡಿ. ಕಂಪ್ಯೂಟರಿನಲ್ಲಿ ಫೈಲುಗಳಿದ್ದರೆ ಅದೇ ಕೆಲಸದ ರೀಪ್ಲೇಗೇನ್ ಸ್ಕ್ಯಾನ್ ಮಾಡಿ ‘ಆಲ್ಬಂ’ ಮೋಡ್‌ನಲ್ಲಿಡಿ. ‘ಟ್ರ್ಯಾಕ್’ ಮೋಡ್‌ನಲ್ಲಿಟ್ಟರೆ ಮೆಲ್ಲನೆಯ ಹಾಡೂ ಅಬ್ಬರದ ಹಾಡೂ ಒಂದೇ ಮಟ್ಟಕ್ಕೆ ಬಂದು ಆಲ್ಬಂನ ಏರಿಳಿತ ಕೆಡುತ್ತದೆ.

ಪ್ರಶ್ನೆ: ಗಿಟಾರ್ ಸರಿಯಾಗಿ ಟ್ಯೂನ್ ಮಾಡಿದ್ದೇನೆ. ‘ಮಾಸ್ಟರ್ ಆಫ್ ಪಪೆಟ್ಸ್’ ಆಲ್ಬಂ ಜೊತೆ ನುಡಿಸಿದರೆ ಹೊಂದುತ್ತದೆ, ಲೈವ್ ವಿಡಿಯೋ ಜೊತೆ ಅಪಶ್ರುತಿ. – ಮಂಗಳೂರಿನ ಓದುಗರು

ಉತ್ತರ: ತೊಂಬತ್ತರ ದಶಕದ ನಡುವಿನಿಂದ ಅವರು ವೇದಿಕೆಯಲ್ಲಿ ಹಾಫ್ ಸ್ಟೆಪ್ ಇಳಿಸಿ ನುಡಿಸುತ್ತಾರೆ, ಹಾರ್ಮೋನಿಯಂ ಲೆಕ್ಕದಲ್ಲಿ ಒಂದು ಮನೆ ಕೆಳಗೆ. ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಅವರ ಗಂಟಲಿಗೂ ಅದು ಹಿತ. 2011ರ ಅಕ್ಟೋಬರ್ 30ರ ಬೆಂಗಳೂರಿನ ಅರಮನೆ ಮೈದಾನದ ಕಾರ್ಯಕ್ರಮದ ವಿಡಿಯೋ ಇಟ್ಟುಕೊಂಡು ಕಲಿಯುವವರೂ ಆರೂ ತಂತಿ ಹಾಫ್ ಸ್ಟೆಪ್ ಇಳಿಸಬೇಕು. ‘ರೈಡ್ ದ ಲೈಟ್ನಿಂಗ್’ ಆಲ್ಬಂ ಮಾತ್ರ ಇದಕ್ಕೆ ತಿರುಗಾಮುರುಗಾ, ಕೊಂಚ ಏರು ಶ್ರುತಿಯಲ್ಲಿದೆ. ಅದಕ್ಕೆ ಟ್ಯೂನರ್ ನಂಬದೆ ಹಾಡಿಗೇ ಕಿವಿಗೊಟ್ಟು ಹೊಂದಿಸಿಕೊಳ್ಳಿ.

‘ಬ್ಲ್ಯಾಕ್’ನ ‘ಸ್ಯಾಡ್ ಬಟ್ ಟ್ರೂ’ಗೆ ದಪ್ಪ ತಂತಿಯಿಂದ ಶುರುಮಾಡಿ ಶ್ರುತಿ ಡಿ, ಜಿ, ಸಿ, ಎಫ್, ಎ, ಡಿ. 2003ರ ‘ಸೇಂಟ್ ಆ್ಯಂಗರ್’ನ ಬಹುತೇಕ ಹಾಡುಗಳಿಗೆ ದಪ್ಪ ತಂತಿಯನ್ನು ‘ಸಿ’ ಸ್ವರಕ್ಕೆ ಇಳಿಸಬೇಕು. 9–42 ದಪ್ಪದ ತಂತಿ ಸೆಟ್‌ನಲ್ಲಿ ಇಷ್ಟು ಇಳಿಸಿದರೆ ತಂತಿ ಜೋಲಾಡಿ ಫ್ರೆಟ್‌ಗೆ ಬಡಿಯುತ್ತದೆ, 10–52 ಹಾಕಿ. ದಪ್ಪ ತಂತಿ ನಟ್‌ನ (ಗಿಟಾರ್ ಕತ್ತಿನ ತುದಿಯ ಪಟ್ಟಿ) ಕಚ್ಚಿನಲ್ಲಿ ಸಿಕ್ಕಿಕೊಂಡರೆ ಟ್ಯೂನಿಂಗ್ ನಿಲ್ಲದು, ಅಂಗಡಿಯಲ್ಲಿ ಕೊಟ್ಟು ಕಚ್ಚು ಅಗಲ ಮಾಡಿಸಿ.

‘ಮಾಸ್ಟರ್’ ರಿಫ್ ಪೂರ್ತಿ ಡೌನ್‌ಸ್ಟ್ರೋಕ್ (ಕೆಳಮುಖ ಹೊಡೆತ). ಮೆಟ್ರೊನೋಮ್ 140ಕ್ಕಿಟ್ಟು ಬೀಟ್‌ಗೆ ಎರಡರಂತೆ ಎರಡು ನಿಮಿಷ ನುಡಿಸಿ; ತಪ್ಪಿಲ್ಲದಿದ್ದರೆ ಐದೈದು ಏರಿಸುತ್ತ ಹೋಗಿ. ಚಲನೆ ಮಣಿಕಟ್ಟಿನಿಂದ ಬರಲಿ, ಮೊಣಕೈಯಿಂದಲ್ಲ. ತೋಳು ಉರಿಯತೊಡಗಿದರೆ ಆ ದಿನಕ್ಕೆ ನಿಲ್ಲಿಸಿ.

ಪ್ರಶ್ನೆ: ಇಷ್ಟೆಲ್ಲ ಕೇಳಲು ಪುರುಸೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ? – ಹಾಸನದ ಓದುಗರು

ಉತ್ತರ: ‘ರೈಡ್’, ‘ಮಾಸ್ಟರ್’, ‘ಜಸ್ಟಿಸ್’, ‘ಬ್ಲ್ಯಾಕ್’, ‘ಡೆತ್ ಮ್ಯಾಗ್ನೆಟಿಕ್’, ಐದರಲ್ಲೂ ನಾಲ್ಕನೆಯ ಹಾಡನ್ನಷ್ಟೇ ಸಾಲಾಗಿ ಕೇಳಿ. ಐದೂ ಮೆಲ್ಲಗೆ ಶುರುವಾಗುವ ಹಾಡುಗಳೇ. ನಾಲ್ಕರಲ್ಲಿ ಕೊನೆಗೆ ಓಟ ಬಿರುಸಾಗುತ್ತದೆ, ‘ಬ್ಲ್ಯಾಕ್’ನ ‘ದಿ ಅನ್‌ಫರ್ಗಿವನ್’ ಮಾತ್ರ ತನ್ನ ನಡಿಗೆ ಬಿಡುವುದಿಲ್ಲ. ಆ ಒಂದು ಹಾಡು ನಿಮಗೆ ಹಿಡಿಸಿತೋ ಬೇಸರವಾಯಿತೋ ಎಂಬುದರ ಮೇಲೆ ದಾವಣಗೆರೆಯವರ ಯಾವ ಅರ್ಧಕ್ಕೆ ನೀವು ಸೇರುತ್ತೀರಿ ಎಂದು ಹೇಳಬಹುದು.