ಐದು ಕ್ರೋನ್ ನೋಟಿನ ಮೇಲಿನ ವ್ಯಕ್ತಿ

ಮಾವನವರ ಪೆಟ್ಟಿಗೆಯಲ್ಲಿ ಸಿಕ್ಕ ಎಸ್ಟೋನಿಯಾದ 5 ಕ್ರೋನ್ ನೋಟಿನ ಮೇಲಿರುವವರು ಯಾರು ಎಂದು ಕೇಳಿದ್ದೀರಿ. ಕ್ರೋನ್ ಎಂದರೆ ಎಸ್ಟೋನಿಯಾದ ಹಳೆಯ ಹಣ. ನೋಟಿನ ಮೇಲಿರುವವರು ರಾಜನೂ ಅಲ್ಲ, ಮಂತ್ರಿಯೂ ಅಲ್ಲ. ಚದುರಂಗದ ದಿಗ್ಗಜ ಪೌಲ್ ಕೆರೆಸ್! ವಿಶ್ವ ಚಾಂಪಿಯನ್ ಪಟ್ಟ ಅವರ ಕೈಗೆ ಎಟುಕಲಿಲ್ಲ, ಆದರೆ ದೇಶವು ನೋಟಿನಲ್ಲೇ ಕೂರಿಸಿತು. ಹಿಂಬದಿಯಲ್ಲಿ ನದಿಯ ಎರಡು ದಡಗಳಲ್ಲಿ ಎದುರುಬದುರು ನಿಂತ ಎರಡು ಕೋಟೆಗಳನ್ನು ನೋಡಿ: ಒಂದು ಎಸ್ಟೋನಿಯಾದ ನಾರ್ವಾ, ಇನ್ನೊಂದು ಈಗ ರಷ್ಯಾದಲ್ಲಿರುವ ಇವಾನ್‌ಗೊರೊಡ್.

ಕ್ರೋನ್ ಮೊದಲು ಬಂದದ್ದು 1928ರಲ್ಲಿ. 1940ರಲ್ಲಿ ಸೋವಿಯತ್ ಆಕ್ರಮಣದೊಂದಿಗೆ ರೂಬಲ್ ಬಂದು ಅದನ್ನು ನುಂಗಿತು. ಸ್ವಾತಂತ್ರ್ಯ ಮರಳಿದ ಮೇಲೆ, 1992ರ ಜೂನ್ 20ರಂದು, ಕ್ರೋನ್ ಮತ್ತೆ ಹುಟ್ಟಿತು. ತಲೆಗೆ 1,500 ರೂಬಲ್‌ವರೆಗೆ, ಹತ್ತು ರೂಬಲ್‌ಗೆ ಒಂದು ಕ್ರೋನ್ ಲೆಕ್ಕದಲ್ಲಿ ಬದಲಿಸಿಕೊಟ್ಟರು. ಅಂದರೆ ಕೈಗೆ ಬಂದದ್ದು ಬರೀ 150 ಕ್ರೋನ್. ಬೆಲೆ ಕುಸಿಯದಂತೆ ಎಂಟು ಕ್ರೋನ್‌ಗೆ ಒಂದು ಜರ್ಮನ್ ಮಾರ್ಕ್ ಎಂದು ಗಂಟು ಹಾಕಿದರು. ಜಾಣ ನಡೆ ಎಂದೇ ನನ್ನ ಅಭಿಪ್ರಾಯ.

2011ರ ಜನವರಿ 1ರಿಂದ ಯೂರೋ ಬಂತು. ಒಂದು ಯೂರೋಗೆ 15.6466 ಕ್ರೋನ್. ಹಳೆಯ ನೋಟನ್ನು ಬದಲಿಸಿಕೊಡಲು ರಾಜಧಾನಿ ಟ್ಯಾಲಿನ್‌ನಲ್ಲಿರುವ ಎಸ್ಟೋನಿಯಾದ ಕೇಂದ್ರ ಬ್ಯಾಂಕು ಗಡುವನ್ನೇ ಇಟ್ಟಿಲ್ಲ. ಆದರೆ ನಿಮಗೆ ಸಿಗುವುದು 32 ಸೆಂಟ್ ಮಾತ್ರ, ಆಲ್ಬಮ್ಮಿನಲ್ಲೇ ಇಟ್ಟುಕೊಳ್ಳಿ.